ಎತ್ತು ಹಿಂದೆ ಸರಿದ ಹೊತ್ತು

೩ ಫೆಬ್ರುವರಿ ೧೯೪೧, ಸೋಮವಾರ

ಬೆಳಿಗ್ಗೆ ಮತ್ತೆ ಅದೇ. ಅಣ್ಣ ಮೋಟಾರು ಚಾಲೂ ಮಾಡಿದ. ತೋಟದ ನಾಯಿಗಳು ಓಡಿದವು. ಒಳಗೆ ಕೂತವರು ಕೆಮ್ಮಿದೆವು. ಎಂಜಿನ್ನಿನ ಪಕ್ಕದ ಹೊಗೆ ಕೊಳವೆ ಒಡೆದಿದೆ. ಹಿಂದಕ್ಕೆ ಹೋಗಬೇಕಾದ ಹೊಗೆ ನಮ್ಮ ಮೂಗಿಗೇ ಬರುತ್ತದೆ. ಮೂಡಲಗಿ ಪೇಟೆಗೆ ಹೋಗಿ ಬರುವಷ್ಟರಲ್ಲಿ ಅಣ್ಣನ ಬಿಳಿ ರುಮಾಲು ನನ್ನ ಕರಿ ಟೊಪ್ಪಿಗೆಯ ಬಣ್ಣಕ್ಕೆ ಇಳಿದಿತ್ತು. ಅಣ್ಣತಮ್ಮಂದಿರಲ್ಲಿ ಇಷ್ಟಾದರೂ ಹೋಲಿಕೆ ಬಂತು.

ಹೊಸ ಕೊಳವೆಗೆ ಮುಂಬಯಿಗೆ ಬರೆದಿದ್ದೆ. ಉತ್ತರ ಬಂತು. ಯುದ್ಧ, ಮಾಲು ಇಲ್ಲ, ಕ್ಷಮಿಸಿ. ಓದಿ ಹೇಳಿದೆ. ಈ ಮನೆಯಲ್ಲಿ ಬಿ.ಎ. ಆದವನ ಉಪಯೋಗ ಅದೇ — ಹೋಗುವ ಪತ್ರ ಬರೆಯುವುದು, ಬಂದದ್ದು ಓದುವುದು. ಹೆಂಡತಿ ತೀರಿಕೊಂಡಾಗ ಗೋಕಾಕದ ಮಾಸ್ತರಿಕೆ ಬಿಟ್ಟು ಅಣ್ಣ ಬಸವಣ್ಣೆಪ್ಪನ ತೋಟದ ಮನೆಗೆ ಬಂದೆ, ನಾಲ್ಕು ದಿನ ಇದ್ದು ಹೋಗೋಣವೆಂದು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ನನಗಿಂತ ಕೆಳಗೆ ಈ ಮನೆಯಲ್ಲಿ ಒಬ್ಬನಿದ್ದಾನೆ. ಅಲ್ಲಪ್ಪ, ವೈನಿಯ — ಅಣ್ಣನ ಹೆಂಡತಿಯ — ತಮ್ಮ. ಕೊಲ್ಲಾಪುರದಲ್ಲಿ ಡ್ರೈವರ್ ಕೆಲಸ ಕಲಿತವನು. ಗಾಡಿ ನಡೆಸುತ್ತಾನೆ, ತೊಳೆಯುತ್ತಾನೆ, ಎಲ್ಲರದೂ ಆದ ಮೇಲೆ ಉಣ್ಣುತ್ತಾನೆ. ಮೂವತ್ತೈದು ದಾಟಿದೆ, ಮದುವೆ ಇಲ್ಲ. ಅಣ್ಣ ಇಂದು ಅವನನ್ನು ಅಂಗಳದಲ್ಲಿ ನಿಲ್ಲಿಸಿಕೊಂಡ.

“ಅಲ್ಲಪ್ಪಾ, ನಿನ್ನ ಲಗ್ನ ಯಾವಾಗೋ?”

“ನೀವು ಮಾಡಿದಾಗರಿ ಮಾವಾರ.”

“ಈ ಗಾಡಿ ಹೊಗಿ ಕಾರೂದು ಬಿಟ್ಟ ದಿನ. ದಡ್ಡಿ ಊರಾಗ ಒಬ್ಬಾಕಿ ಅದಾಳ, ಗಂಡ ಸತ್ತಾಕಿ. ಉಡಿಕಿ ಮಾಡಿ ಕೊಡ್ತೇವಂತಾರ. ಆದ್ರ ಬೀಗರ ಮನಿ ಮುಂದ ಕೆಮ್ಮಕೋತ ಇಳಿಯೂದು ನನ್ನಿಂದ ಆಗೂದಿಲ್ಲ.”

ಅಲ್ಲಪ್ಪ ಆಗಲೇ ಹೋಗಿ ಬಾನೆಟ್ ಎತ್ತಿದ.

೯ ಫೆಬ್ರುವರಿ, ರವಿವಾರ

ಗೋಕಾಕದ ಒಬ್ಬ ಫಿಟರನಿಂದ ಅಲ್ಲಪ್ಪ ಹೊಸ ಕೊಳವೆ ಮಾಡಿಸಿ ತಂದ. ನಾಲ್ಕು ಪೈಪು ಬಗ್ಗಿಸಿ, ತುದಿಗೆ ಒಂದೇ ಮಾಡಿ ಬೆಸೆದದ್ದು. ಸತ್ತ ಏಡಿಯಂತಿದೆ. ಜಗುಲಿಯ ಮೇಲಿಟ್ಟರೆ ವೈನಿ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದಳು. ನಾನು ಎರಡು ಸಾಲು ಕಟ್ಟಿದೆ:

ನಾಲ್ಕು ಬಾಯಿ, ಒಂದೇ ಬಾಲ,
ಅಣ್ಣನ ಗಾಡಿಗೆ ಹೊಸ ಕಾಲ.

ಅಣ್ಣನಿಗೆ ಹಿಡಿಸಿತು. ಎರಡು ಸಲ ಹೇಳಿಸಿಕೊಂಡ.

ಆದರೆ ಕೊಳವೆ ಕೂಡುತ್ತಿಲ್ಲ. ಒಂದು ಕಡೆ ಎಂಜಿನ್, ಇನ್ನೊಂದು ಕಡೆ ಗಾಡಿಯ ಉಕ್ಕಿನ ಚೌಕಟ್ಟು. ನಡುವೆ ಹಳೆಯದು ಹಿಡಿಸುತ್ತಿತ್ತು, ಇದು ದಪ್ಪ. ಎಂಜಿನ್ ನಾಲ್ಕು ಬೆರಳು ಮೇಲೇಳಬೇಕು, ಕೊಳವೆಯನ್ನು ಒಳಗಿಳಿಸಿ ನಟ್ಟು ಬಿಗಿದು ಮತ್ತೆ ಕೂಡಿಸಬೇಕು. ಅಷ್ಟೇ ಎನ್ನುತ್ತಾನೆ ಅಲ್ಲಪ್ಪ. ಈ ‘ಅಷ್ಟೇ’ ತೂಕದಲ್ಲಿ ಎರಡು ಬೆಲ್ಲದ ಪೆಂಟೆಗಿಂತ ಹೆಚ್ಚು.

೧೪ ಫೆಬ್ರುವರಿ, ಶುಕ್ರವಾರ

ದಡ್ಡಿಗೆ ಹೋಗಿ ಬಂದೆ. ಹಿರಿಯನಾಗಿ ಹೆಣ್ಣು ನೋಡಿ ಬಾ ಎಂದು ಅಣ್ಣ ಕಳಿಸಿದ್ದ. ಗೋಕಾಕ, ಹುಕ್ಕೇರಿ ದಾಟಿ, ಬಸ್ಸು ಅರ್ಧ ದಾರಿ, ಚಕ್ಕಡಿ ಅರ್ಧ ದಾರಿ. ಬೆನ್ನು ಇನ್ನೂ ಚಕ್ಕಡಿಯಲ್ಲೇ ಇದೆ.

ಹೆಸರು ಸಾತವ್ವ. ಚುರುಮುರಿ ತಂದಿಟ್ಟಳು. ತಲೆಯೆತ್ತಿ ನೇರ ಕೇಳಿದಳು —

“ವರಾ ನೀವ ಏನ್ರಿ?”

“ಅಲ್ಲವ್ವಾ. ನಾನು ವರನ ಕಡೆಯ ಹಿರಿಯ.”

“ಹಂಗಾರ ಚುರುಮುರಿ ಸ್ವಲ್ಪ ಹಾಕಿದ್ರ ನಡೀತಿತ್ತು.”

ಆಕೆಯ ಅಪ್ಪ ಗದರಿಸಿದ. ಆಕೆ ನಕ್ಕು ಒಳಗೆ ಹೋದಳು. ಹಲ್ಲು ಸಾಲಾಗಿವೆ. ವರನಿಗೆ ಹೇಳಲು ಇಷ್ಟು ಸಾಕು.

ಅಲ್ಲಪ್ಪ ತೋಟದ ದಾರಿಯಲ್ಲೇ ಕಾದಿದ್ದ. ಚಲೋ ಅದಾಳ ಎಂದೆ. ಮತ್ತೇನ್ರಿ ಎಂದ. ಮತ್ತೇನೂ ಇಲ್ಲ ಎಂದೆ. ಚುರುಮುರಿಯ ಮಾತು ಹೇಳಲಿಲ್ಲ. ಅದು ನನಗೆ ಆಡಿದ್ದು.

೨೦ ಫೆಬ್ರುವರಿ, ಗುರುವಾರ

ಗಾಡಿಯ ಜೊತೆ ಬಂದ ಇಂಗ್ಲಿಷ್ ಪುಸ್ತಕ ಕೊಟ್ಟು, ಎಂಜಿನ್ ಎತ್ತುವುದು ಹೇಗೆ, ಕನ್ನಡದಲ್ಲಿ ಹೇಳು ಎಂದ ಅಣ್ಣ. ನನ್ನ ಬಿ.ಎ.ಯಲ್ಲಿ ಎಂಜಿನ್ ಇರಲಿಲ್ಲ. ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಎರಡು ದಿನ ಕೂತೆ. ತಾತ್ಪರ್ಯ ಇಷ್ಟು: ಕೆಳಗಿನಿಂದ ಜ್ಯಾಕ್ ಕೊಟ್ಟು ಎತ್ತಿದರೆ ತಳದ ಎಣ್ಣೆಯ ತಗಡು ನೆಗ್ಗುತ್ತದೆ. ಮೇಲಿನಿಂದ ಸರಪಳಿ ಹಾಕಿ ಎತ್ತಬೇಕು. ಎತ್ತಿದ ಕೂಡಲೇ ಎಂಜಿನ್ನಿನ ಪಾದಕ್ಕೂ ಚೌಕಟ್ಟಿಗೂ ನಡುವೆ ಮರದ ದಿಮ್ಮಿ ತೂರಿಸಬೇಕು. ಭಾರ ದಿಮ್ಮಿಯ ಮೇಲೆ ಕೂತ ನಂತರವೇ ಕೈ ಹಾಕಬೇಕು. ತೂಗುವ ಭಾರವನ್ನು ನಂಬಬಾರದು.

“ಮ್ಯಾಲಿಂದ ಎತ್ತೂ ಯಂತ್ರ ಎಲ್ಲೈತಿ ನಮ್ಮಲ್ಲಿ?” ಎಂದೆ.

“ನಮ್ಮ ಎತ್ತು ಬಾವ್ಯಾಗಿಂದ ದಿನಾ ನೀರು ಎತ್ತತಾವ. ಎಂಜಿನ್ ಎತ್ತೂದಿಲ್ಲೇನು?” ಎಂದ ಅಣ್ಣ.

ತಪ್ಪಿಲ್ಲ. ಬಾವಿಯ ಪಕ್ಕ ಗಾಡಿ ನಿಲ್ಲಿಸುವುದು. ಮೇಲೆ ಮೂರು ಜಾಲಿ ಕಂಬದ ಮುಕ್ಕಾಲಿ. ಅದಕ್ಕೆ ಬಾವಿಯದೇ ಗಾಲಿ. ಹಗ್ಗದ ಒಂದು ತುದಿ ಎಂಜಿನ್ನಿನ ಸರಪಳಿಗೆ, ಇನ್ನೊಂದು ಎತ್ತಿನ ನೊಗಕ್ಕೆ. ಎತ್ತು ಎಂದಿನಂತೆ ಇಳಿಜಾರು ಇಳಿದರೆ ಎಂಜಿನ್ ಏಳುತ್ತದೆ.

ಒಂದೇ ತೊಡಕು. ಈ ಎತ್ತುಗಳು ಬಾವಿಯ ನೀರೆತ್ತುವ ಮಟ್ಟಿ ಹೊಡೆದು ಹಣ್ಣಾದವು. ನೀರು ತುಂಬಿದ ತೊಗಲಿನ ಮಟ್ಟಿ ಮೇಲೆ ಬರುವ ಹೊತ್ತಿಗೆ ಅವು ಇಳಿಜಾರಿನ ಕೆಳಗಿರುತ್ತವೆ. ಆಗ ಆಳು ಲಗಮಣ್ಣ ತಾನು ಹಾಡುವ ಪದದ ಎರಡನೇ ಸಾಲಿನ ಕೊನೆಯ ಮಾತನ್ನು ಉದ್ದಕ್ಕೆ ಎಳೆಯುತ್ತಾನೆ. ಎತ್ತು ತಾವಾಗಿಯೇ ಹಿಂದೆ ಹಿಂದೆ ಸರಿದು ಮೇಲೇರುತ್ತವೆ. ಹಗ್ಗ ಸಡಿಲಾಗಿ ಮಟ್ಟಿ ಮತ್ತೆ ಬಾವಿಗೆ. ಚಾಟಿ ಇಲ್ಲ, ಮೂಗುದಾಣ ಜಗ್ಗುವುದಿಲ್ಲ. ಪ್ರಾಸ ಕೂಡಿತೆಂದರೆ ಸಾಕು. ಪ್ರಾಸಕ್ಕೆ ಇಷ್ಟು ಮರ್ಯಾದೆ ಕೊಡುವವರು ನನಗೆ ಧಾರವಾಡದಲ್ಲೂ ಸಿಗಲಿಲ್ಲ.

ಆದ್ದರಿಂದ ಪುಸ್ತಕದಲ್ಲಿ ಇಲ್ಲದ ಒಂದು ನಿಯಮ ನಾನೇ ಸೇರಿಸಿದೆ. ಎಂಜಿನ್ ಮೇಲಿರುವಾಗ ಯಾರೂ ಹಾಡಬಾರದು.

“ಕೇಳಿದೇನೋ ಲಗಮಣ್ಣಾ? ಬಾಯಿ ತಗದ್ರ ಹಲ್ಲು ಉದುರತಾವ” ಎಂದ ಅಣ್ಣ.

“ಬಾಯಾಗ ತಂಬಾಕ ಹಿಡಕೊಂಡ ನಿಂದ್ರತೇನ್ರಿ ಸಾವಕಾರ್ರ.”

ದಿಮ್ಮಿ ತೂರಿಸುವ ಕೆಲಸ ನನಗೆ. ಓದಿದವನಿಗೆ ಭಾರವಿಲ್ಲದ ಕೆಲಸ.

೨೩ ಫೆಬ್ರುವರಿ, ರವಿವಾರ

ಅಲ್ಲಪ್ಪನ ಮದುವೆ ಆಯಿತು. ಎಕ್ಕೆ ಗಿಡದ ಜೊತೆ.

ಗಂಡ ಸತ್ತವಳನ್ನು ಉಡಿಕೆ ಮಾಡಿಕೊಳ್ಳುವವನು ಮದುವೆಯಾಗದವನಾಗಿದ್ದರೆ ಮೊದಲು ಎಕ್ಕೆಗೆ ತಾಳಿ ಕಟ್ಟಬೇಕು. ಆಮೇಲೆ ಗಿಡ ಕಡಿಯುತ್ತಾರೆ. ಅಲ್ಲಿಗೆ ಅವನೂ ಹೆಂಡತಿ ಸತ್ತವನಾಗುತ್ತಾನೆ, ಜೋಡಿ ಸರಿಯಾಗುತ್ತದೆ. ಲೆಕ್ಕ ನೇರವಾಗಿದೆ. ನಾನು ಈ ಯೋಗ್ಯತೆ ಗಳಿಸಲು ಹದಿನೆಂಟು ವರ್ಷ ಸಂಸಾರ ಮಾಡಬೇಕಾಯಿತು.

ಹೊಲದ ಬದುವಿನಲ್ಲಿ ಎಲ್ಲರೂ ನೆರೆದರು. ಅಲ್ಲಪ್ಪ ಒಗೆದ ಅಂಗಿ ಹಾಕಿಕೊಂಡಿದ್ದ. ಅರಿಷಿಣದ ದಾರ ಕಟ್ಟುವಾಗ ಗಂಟು ಎರಡು ಸಲ ಜಾರಿತು.

“ಗಟ್ಟಿ ಕಟ್ಟೋ, ಓಡಿ ಹೋದಾಳು” ಎಂದ ಅಣ್ಣ.

“ಎಷ್ಟ ಸಂಪನ್ನ ಹೆಂಡ್ತಿ. ಎದುರು ಮಾತಾಡೂದಿಲ್ಲ” ಎಂದಳು ವೈನಿ, ಒಡಹುಟ್ಟಿದ ಅಕ್ಕ.

ಅಲ್ಲಪ್ಪನೂ ನಕ್ಕ. ಅಣ್ಣ ಕುಡುಗೋಲು ಬೀಸಿದ. ಬಿಳಿ ಹಾಲು ಅಲ್ಲಪ್ಪನ ಅಂಗಿಗೆ ಸಿಡಿಯಿತು. ಒರೆಸಿಕೊಳ್ಳಲಿಲ್ಲ. ಬರುವ ಸೋಮವಾರ ಉಡಿಕೆ. ಅದರ ಮೊದಲು ಗಾಡಿ ಆಗಬೇಕು.

೨೭ ಫೆಬ್ರುವರಿ, ಗುರುವಾರ, ಬೆಳಿಗ್ಗೆ

ಮುಕ್ಕಾಲಿ ನಿಂತಿದೆ. ನೀರಿನ ಕೊಳವೆ ಬಿಚ್ಚಿದ್ದಾಯಿತು, ಎಂಜಿನ್ನಿನ ಬೋಲ್ಟು ತೆಗೆದದ್ದಾಯಿತು. ದಿಮ್ಮಿ ಜಾಲಿಯದು, ಇಟ್ಟಂಗಿಯಷ್ಟು ದಪ್ಪ. ನಿನ್ನೆ ಅಲ್ಲಪ್ಪ ತಾನೇ ಉಜ್ಜಿ ನಯ ಮಾಡಿ ನನ್ನ ಕೈಗೆ ಕೊಟ್ಟ.

“ಮಾಸ್ತರ್ರ, ನನ್ನ ಲಗ್ನ ನಿಮ್ಮ ಕೈಯಾಗ ಐತಿ ನೋಡ್ರಿ.”

ಕರೆಯುತ್ತಿದ್ದಾರೆ.

ಅದೇ ದಿನ, ಮಧ್ಯಾಹ್ನ

ಅಲ್ಲಪ್ಪನನ್ನು ಗೋಕಾಕದ ಡಾಕ್ಟರರಿಗೆ ಒಯ್ದಿದ್ದಾರೆ. ಚಕ್ಕಡಿಯಲ್ಲಿ. ಮನೆಯಲ್ಲಿ ಮೋಟಾರಿದೆ, ಎಂಜಿನ್ ಬಿಚ್ಚಿದೆ.

೨೮ ಫೆಬ್ರುವರಿ, ಶುಕ್ರವಾರ

ಬಲಗೈಯ ಮೂರು ಬೆರಳು ತೆಗೆದರಂತೆ. ಹೆಬ್ಬೆರಳು, ಕಿರುಬೆರಳು ಇವೆ.

ಹೇಗಾಯಿತು ಎಂದು ನೆಟ್ಟಗೆ ಬರೆದಿಡುತ್ತೇನೆ.

ಎಂಜಿನ್ ಎದ್ದಿತು, ಚೆನ್ನಾಗಿಯೇ ಎದ್ದಿತು. ಲಗಮಣ್ಣ ಇಳಿಜಾರಿನ ಕೆಳಗೆ ಎತ್ತುಗಳ ಪಕ್ಕ ಬಾಯಲ್ಲಿ ತಂಬಾಕು ಹಿಡಿದು ನಿಂತಿದ್ದ. ಅಣ್ಣ ಬಾವಿಕಟ್ಟೆಯ ಮೇಲೆ. ಅಲ್ಲಪ್ಪ ಕೊಳವೆ ಒಳಗಿಳಿಸಿದ. ದಿಮ್ಮಿ ಬರುವ ತನಕ ಕಾಯಬೇಕಿತ್ತು. ಕೊಳವೆ ಜಾರುತ್ತಿದೆ ಎಂದು ಹಿಡಿಯಲು ಕೈ ಹಾಕಿದ.

“ದಿಮ್ಮಿ ಇಡ್ರಿ ಮಾಸ್ತರ್ರ” ಎಂದ.

“ನೋಡು ಮದಿಮಗನ ಅವಸರ” ಎಂದ ಅಣ್ಣ. ನನ್ನ ಕಡೆ ತಿರುಗಿದ. “ಏ ಪರಪ್ಪಾ, ಇವನ ಮ್ಯಾಲ ಒಂದು ಪದಾ ಕಟ್ಟು ನೋಡೋಣು.”

ಕಟ್ಟುವುದೇನು, ಕಟ್ಟಿಯೇ ಇತ್ತು. ರವಿವಾರದಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೆ. ಮೊದಲ ಸಾಲು ಹೇಳಿದೆ.

ಎಕ್ಕೀ ಗಿಡಕ್ಕ ಮೊದಲನೆ ತಾಳಿ —

ಎಲ್ಲರೂ ನಕ್ಕರು. ಬಾನೆಟ್ಟಿನ ಒಳಗಿನಿಂದ ಅಲ್ಲಪ್ಪ ನಕ್ಕದ್ದೂ ಕೇಳಿಸಿತು. “ಮೊದಲ ದಿಮ್ಮಿ ಇಡ್ರಿ, ಆಮ್ಯಾಲ ಎರಡನೇದು ಹೇಳ್ರಿ” ಎಂದ. ದಿಮ್ಮಿ ನನ್ನ ಕೈಯಲ್ಲಿತ್ತು. ಅರ್ಧ ಪದ ಬಾಯಲ್ಲಿ ಬಿಟ್ಟು ಇನ್ನೊಂದು ಕೆಲಸ ಮಾಡಿದ್ದು ನನಗೆ ನೆನಪಿಲ್ಲ.

ದಡ್ಡೀ ಹೆಣ್ಣಿಗೆ ಎರಡನೆ ಪಾಳಿ.

ಮೊದಲ ಸಾಲು ಮಾತಿನಲ್ಲಿ ಹೇಳಿದ್ದೆ. ಎರಡನೆಯದು ರಾಗದಲ್ಲಿ ಬಂತು. ಲಗಮಣ್ಣನ ರಾಗ, ದಿನಾ ಕಿವಿಗೆ ಬೀಳುವುದು ಅದೊಂದೇ. ‘ಪಾಳಿ’ ಎಳೆಯಲು ತುಂಬ ಅನುಕೂಲದ ಮಾತು. ಎಳೆದೆ.

ಎತ್ತುಗಳು ಹಿಂದೆ ಸರಿದವು. ಅವುಗಳದೇನೂ ತಪ್ಪಿಲ್ಲ.

ಕೂಗಿದ್ದು ಅಲ್ಲಪ್ಪನಲ್ಲ, ಲಗಮಣ್ಣ. ಮತ್ತೆ ಎತ್ತು ಹೊಡೆದು ಎಂಜಿನ್ ಎತ್ತುವ ತನಕ ಅಲ್ಲಪ್ಪ ಅಲ್ಲೇ ಬಾಗಿ ನಿಂತಿದ್ದ, ಏನೋ ಹುಡುಕುತ್ತಿರುವವನ ಹಾಗೆ.

ಬೆರಳು. ಕೊರಳು, ನೆರಳು, ಹರಳು. ಈ ಮಾತಿಗೆ ಪ್ರಾಸ ತೀರಾ ಸುಲಭ.

೧ ಮಾರ್ಚ್, ಶನಿವಾರ

ಅಣ್ಣ ಲಗಮಣ್ಣನನ್ನು ಕೆಲಸದಿಂದ ಬಿಡಿಸಿದ. ಅಂಗಳದಲ್ಲಿ, ಎಲ್ಲರ ಮುಂದೆ, ಕೆರ ತೆಗೆದುಕೊಂಡು.

“ಎತ್ತು ಹಿಡಿ ಅಂದ್ರ ಹಿಡೀಲಿಲ್ಲ.”

“ನಾ ಬಾಯಿ ತಗದಿಲ್ರಿ ಸಾವಕಾರ್ರ. ಬೇಕಾದ್ರ ಮಾಸ್ತರ್ರನ್ನ ಕೇಳ್ರಿ.”

ಎಲ್ಲರೂ ನನ್ನ ಕಡೆ ನೋಡಿದರು. ಲಗಮಣ್ಣ ಬಾಯಿ ತೆರೆದಿರಲಿಲ್ಲ ಎಂದೆ. ಖರೆ ಮಾತು. ಅದಕ್ಕಿಂತ ಹೆಚ್ಚಿಗೆ ಯಾರೂ ಕೇಳಲಿಲ್ಲ. ಅಣ್ಣನಿಗೆ ಹೊಡೆಯಲು ಒಬ್ಬ ಬೇಕಿತ್ತು. ತಮ್ಮನನ್ನು ಹೊಡೆಯುವ ವಯಸ್ಸು ದಾಟಿದೆ.

ಗೋಕಾಕದ ಫಿಟರ್ ಬಂದು ಕೊಳವೆ ಕೂಡಿಸಿದ. ಮೇಲಿನಿಂದ ಸ್ಪ್ಯಾನರ್ ಮುಟ್ಟುವ ನಟ್ಟು ಎಲ್ಲ ಬಿಗಿದ. ಒಳಗಿನ ಒಂದಕ್ಕೆ ಕೈ ಹಾಕುವುದಿಲ್ಲ ಎಂದ. ಗಾಡಿಯ ಕತೆ ಕೇಳಿಕೊಂಡೇ ಬಂದಿದ್ದ.

೯ ಮಾರ್ಚ್, ರವಿವಾರ

ಅಲ್ಲಪ್ಪ ಬಂದ. ಕೈ ಬಟ್ಟೆಯ ಉಂಡೆ. ತೆಳ್ಳಗಾಗಿದ್ದಾನೆ. ವೈನಿ ಅತ್ತಳು, ಆಮೇಲೆ “ಇನ್ನ ಗಾಡಿ ಹೊಡಿಯೋರು ಯಾರು” ಎಂದಳು. ನಾನು ಎದ್ದು ಒಳಗೆ ಹೋಗುವುದರಲ್ಲಿದ್ದೆ.

“ಮಾಸ್ತರ್ರ” ಎಂದ ಅಲ್ಲಪ್ಪ.

ನಿಂತೆ.

“ಪದಾ ಚಲೋ ಇತ್ರಿ.”

ನಗುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ. ಸರಿ ತಪ್ಪು ತಿದ್ದುವ ಮಾಸ್ತರನ ದನಿ. ನನ್ನದೇ ಹಳೆಯ ದನಿ.

೧೭ ಮಾರ್ಚ್, ಸೋಮವಾರ

ಸಾತವ್ವನ ಅಪ್ಪ ದಡ್ಡಿಯಿಂದ ಬಂದ. ಪಡಸಾಲೆಯಲ್ಲಿ ಕೂತ. ಅಲ್ಲಪ್ಪನೇ ಎಡಗೈಯಲ್ಲಿ ನೀರಿನ ತಂಬಿಗೆ ತಂದಿಟ್ಟ. ಮುದುಕ ತಂಬಿಗೆ ನೋಡಲಿಲ್ಲ, ಇನ್ನೊಂದು ಕೈ ನೋಡಿದ.

“ಸಾವಕಾರ್ರ, ಮಗಳು ಒಮ್ಮಿ ರಂಡಿ ಆಗ್ಯಾಳ. ಈಗ ಗಂಡಗ ತುತ್ತು ಮಾಡಿ ಉಣಸೂ ಪಾಳಿ ಬ್ಯಾಡ್ರಿ.”

“ಖರೆ ಐತಿ” ಎಂದ ಅಣ್ಣ. “ಆದ್ರ ಮಾತು ಕೊಟ್ಟದ್ದು ನಮ್ಮ ಮನಿಗೆ. ನಮ್ಮ ಮನ್ಯಾಗ ಇನ್ನೊಬ್ಬ ಅದಾನ. ಬಿ.ಎ. ಆಗ್ಯಾನ. ಎರಡೂ ಕೈ ಅದಾವ.”

ಅಲ್ಲಪ್ಪ ಅಲ್ಲೇ ಕಂಬದ ಬಳಿ ನಿಂತಿದ್ದ. ಯಾರೂ ಅವನಿಗೆ ಹೊರಗೆ ಹೋಗು ಎನ್ನಲಿಲ್ಲ. ಅಷ್ಟು ಗೌರವವನ್ನೂ ತೋರಿಸಲಿಲ್ಲ.

“ಇವನ ಗತಿ?” ಎಂದ ಮುದುಕ.

“ಅವಂದು ಒಂದು ಲಗ್ನ ಆಗೇತಲ್ಲ, ಎಕ್ಕೀ ಗಿಡದ ಜೋಡಿ” ಎಂದ ಅಣ್ಣ. ವೈನಿ ಸೆರಗು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ, ನನಗೆ ಕಾಣಿಸಲಿಲ್ಲ.

ನನ್ನನ್ನು ಕೇಳಿದರು. ನೋಡೋಣ ಎಂದೆ. ನಮ್ಮ ಮನೆಯಲ್ಲಿ ‘ನೋಡೋಣ’ ಎಂದರೆ ಹೂಂ. ಸಾತವ್ವನನ್ನು ಯಾರೂ ಕೇಳಿದಂತಿಲ್ಲ.

ಎಲ್ಲರೂ ಎದ್ದ ಮೇಲೆ ಅಲ್ಲಪ್ಪ ತಂಬಿಗೆ ಎತ್ತಿಕೊಂಡು ಹೋದ. ನೀರು ಹಾಗೆಯೇ ಇತ್ತು.

೬ ಏಪ್ರಿಲ್, ರವಿವಾರ

ಉಡಿಕೆ ಆಯಿತು. ದಡ್ಡಿಯಲ್ಲಿ, ವಾದ್ಯವಿಲ್ಲದೆ. ಸಾತವ್ವ ತಲೆ ಎತ್ತಲಿಲ್ಲ. ಮಾವ ಉಂಗುರ ಹಾಕಿದ, ಬಿಗಿ ಇದೆ.

ಮೋಟಾರಿನಲ್ಲೇ ಬಂದೆವು. ಅಣ್ಣನೇ ನಡೆಸಿದ. ಅಲ್ಲಪ್ಪನನ್ನೂ ಕರೆದೊಯ್ದಿದ್ದ, ಹಿಂದಿನ ಸೀಟಿನಲ್ಲಿ ಬುತ್ತಿಯ ಗಂಟು ಹಿಡಿಯಲು. ಧುಪದಾಳ ದಾಟುವುದರಲ್ಲಿ ಹೊಸ ಕೊಳವೆಯಿಂದಲೂ ಹೊಗೆ. ಬಿಗಿಯದ ಒಂದು ನಟ್ಟು. ಸಾತವ್ವ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡಳು. ಅಲ್ಲಪ್ಪ ಎಡಗೈಯಿಂದ ಆಕೆಯ ಕಡೆಯ ಪರದೆ ಸರಿಸಿ ಗಾಳಿ ಮಾಡಿಕೊಟ್ಟ. ನನಗೆ ಹೊಳೆದಿರಲಿಲ್ಲ.

ಮನೆ ಮುಟ್ಟಿದ ಮೇಲೆ ಆಕೆ ನನ್ನನ್ನು ಕೇಳಿದ ಮೊದಲ ಮಾತು: “ಅವರ ಕೈಗೆ ಏನಾತ್ರಿ?”

“ಎತ್ತು ಹಿಂದ ಸರದ್ವು” ಎಂದೆ.

“ಯಾಕ ಸರದ್ವು?”

ದಾರಿಯ ದಣಿವು ಎಂದು ಹೇಳಿ ಮಲಗಿದೆ.

೮ ಏಪ್ರಿಲ್, ಮಂಗಳವಾರ

ಆಕೆಗೆ ಗೊತ್ತಾಗಿದೆ. ಯಾರು ಹೇಳಿದರೋ. ಊಟಕ್ಕೆ ಬಡಿಸಿ, ಪದ ಕಟ್ಟುತ್ತೀರಂತೆ, ನನ್ನ ಮೇಲೂ ಒಂದು ಕಟ್ಟಿದ್ದಿರಂತೆ, ಹೇಳಿರಿ ಎಂದಳು. ಮರೆತಿದ್ದೇನೆ ಎಂದೆ. ತಾನೇ ಹೇಳಿದಳು, ಎರಡೂ ಸಾಲು, ಒಂದಕ್ಷರ ಬಿಡದೆ. ಆಮೇಲೆ ಅಲ್ಲಪ್ಪನ ತಾಟಿಗೆ ರೊಟ್ಟಿ ಮುರಿದು, ಪಲ್ಯ ಕಲಸಿ, ಎಡಗೈಗೆ ಸಿಗುವ ಹಾಗೆ ಉಂಡೆ ಮಾಡಿಟ್ಟಳು. ಅವನು ಈಗ ಎಲ್ಲರಿಗಿಂತ ಮೊದಲು ಉಣ್ಣುತ್ತಾನೆ.

ಪ್ರಾಸ ಹೊಳೆಯುತ್ತಿಲ್ಲ ಈಚೆಗೆ.

೧೩ ಏಪ್ರಿಲ್, ರವಿವಾರ, ಬೆಳಿಗ್ಗೆ

ಬಾವಿಯ ಬಳಿ ಮತ್ತೆ ಮುಕ್ಕಾಲಿ ನಿಂತಿದೆ. ಆ ಒಂದು ನಟ್ಟು ಇಂದು ಬಿಗಿಯಲೇಬೇಕೆಂದು ಅಣ್ಣನ ಹಟ. ನಾಳೆ ಗೋಕಾಕದಲ್ಲಿ ಯಾರೋ ಸಾಹೇಬರನ್ನು ಕೂಡಿಸಿಕೊಂಡು ಬರಬೇಕಂತೆ.

“ಕೈ ಹಾಕೂದು ಯಾರು?” ಎಂದೆ.

“ನೀನ. ನನ್ನ ಕೈ ದಪ್ಪ. ನಿಂದು ಲೇಖಣಿಕಿ ಹಿಡದ ಕೈ, ಸಲೀಸ ಹೋಗತೈತಿ.”

“ಎತ್ತು?”

“ನಾ ಹಿಡಿತೇನ್ರಿ” ಎಂದ ಅಲ್ಲಪ್ಪ. ಲಗಮಣ್ಣ ಹೋದ ಮೇಲೆ ಮಟ್ಟಿ ಹೊಡೆಯುವುದು ಅವನೇ. ಹಾಡುವುದಿಲ್ಲ. ನಾಲಿಗೆಯಿಂದ ಏನೋ ಒಂದು ಸಣ್ಣ ಸದ್ದು ಮಾಡುತ್ತಾನೆ, ಎತ್ತು ಅದನ್ನೂ ಕಲಿತಿವೆ.

ದಿಮ್ಮಿ ಎಲ್ಲಿ ಎಂದು ಕೇಳಿದೆ. ವೈನಿಗೆ ಗೊತ್ತಿತ್ತು. ಮದುಮಕ್ಕಳು ಬಂದ ದಿನ ಹೋಳಿಗೆಯ ಒಲೆಗೆ ಹಾಕಿದಳಂತೆ. ಜಾಲಿ, ಚೆನ್ನಾಗಿ ಉರಿಯಿತಂತೆ.

“ಬ್ಯಾರೇದು ಕಡಸೋಣು ಅಣ್ಣಾ. ದಿಮ್ಮಿ ಇಲ್ಲದ ಕೈ ಹಾಕಬಾರದು. ಪುಸ್ತಕದಾಗ ಐತಿ.”

“ಒಂದ ನಟ್ಟಿಗೆ ದಿಮ್ಮಿ ಕಡೀತಾರೇನೋ. ಆವತ್ತ ನಿನ್ನ ಕೈಯಾಗ ದಿಮ್ಮಿ ಇತ್ತಲ್ಲ, ಏನಾತು?”

ಅಲ್ಲಪ್ಪ ನೊಗ ಹೂಡುತ್ತಿದ್ದ. ತಿರುಗಿ ನೋಡಲಿಲ್ಲ.

ಉಂಗುರ ತೆಗೆದಿಟ್ಟು ಬರುತ್ತೇನೆಂದು ಒಳಗೆ ಬಂದೆ. ಬರೆಯುತ್ತ ಕೂತಿದ್ದೇನೆ. ಹೊರಗೆ ಗಾಲಿ ಕಿರುಗುಟ್ಟಿತು — ಎಂಜಿನ್ ಎದ್ದಿರಬೇಕು. ಅಣ್ಣ ಎರಡು ಸಲ ಕೂಗಿದ. ಉಂಗುರ ಬೆರಳಿನ ಗೆಣ್ಣು ದಾಟುತ್ತಿಲ್ಲ. ಒಳ್ಳೆಣ್ಣೆ ತಾ ಎಂದು ಸಾತವ್ವನನ್ನು ಕರೆದೆ. ಬಾಗಿಲಿಗೆ ಬಂದು ನಿಂತಿದ್ದಾಳೆ. ಕೈಯಲ್ಲಿ ಎಣ್ಣೆ ಇಲ್ಲ.

“ಇರ್ಲಿ ಬಿಡ್ರಿ” ಎನ್ನುತ್ತಾಳೆ. “ಎತ್ತು ಹಿಡದು ಎಷ್ಟ ಹೊತ್ತು ನಿಂದ್ರಬೇಕ್ರಿ ಅವರು? ಹೋಗ್ರಿ, ನಿಮ್ಮ ಪಾಳಿ.”